ಇಂಬಳಕ್ಕೂ ಉದ್ಯೋಗ

ನಮ್ಮೂರಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಮೂಡಿಗೆರೆ ಕಡೆಯ ಬಸ್ಸಿಳಿದು ನಾಲ್ಕು ಮೈಲಿ ನಡೆಯಬೇಕು. ಜೂನ್‌ನಲ್ಲಿ ಹಿಡಿದ ಮಳೆ ದಸರಾಕ್ಕೂ ಬಿಡುವುದಿಲ್ಲ. ಕರೆಂಟು ಹೋದರೆ ಲೈನ್‌ಮನ್ ಬರುವುದು ಮೂರನೇ ದಿನ. ಫೋನಿಗೆ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದಿಣ್ಣೆ ಹತ್ತಬೇಕು, ಹತ್ತಿ ಇಳಿಯುವಷ್ಟರಲ್ಲಿ ಕಾಲಿಗೆ ನಾಲ್ಕು ಇಂಬಳ ಹತ್ತಿರುತ್ತವೆ. ಹೆಣ್ಣು ನೋಡಲು ಹೋದವರಿಗೆ ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಊರ ಹೆಸರು ಕೇಳಿಕೊಂಡು, ಆಮೇಲೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮೂರಿನ ಗಂಡುಗಳೆಲ್ಲ ಒಂದೇ ನಕ್ಷತ್ರದಲ್ಲಿ ಹುಟ್ಟಿದವರೆಂದು ನಾನು ಬಹಳ ಕಾಲ ನಂಬಿದ್ದೆ.

ಈ ಕತ್ತಲೆಯಿಂದ ನಮ್ಮನ್ನು ಎತ್ತಿದ್ದು ಪ್ರವಾಸೋದ್ಯಮ. ಪ್ರಾದೇಶಿಕ ಪ್ರವಾಸೋದ್ಯಮ ಮತ್ತು ಗ್ರಾಮೀಣ ಉದ್ಯಮಶೀಲತೆ ಎಂಬ ಒಂದು ದಿನದ ಕಾರ್ಯಾಗಾರಕ್ಕೆ ನನ್ನನ್ನೂ ಚಿಕ್ಕಪ್ಪನ ಮಗನನ್ನೂ ಕರೆದಿದ್ದರು. ತಜ್ಞರು ಪರದೆಯ ಮೇಲೆ ಮೂರು ಬಾಣ, ಒಂದು ವೃತ್ತ ತೋರಿಸಿ, ನಿಮ್ಮೂರಲ್ಲಿ ಏನೇನಿದೆ ಎಂದು ಕೇಳಿದರು. ನಾವು ಪ್ರಾಮಾಣಿಕವಾಗಿ, ಏನೂ ಇಲ್ಲ ಸಾರ್, ಅಂದೆವು. ತಜ್ಞರ ಮುಖ ಅರಳಿತು. ಮೇಜು ಕುಟ್ಟಿ, "ಅದೇ! ಅದನ್ನೇ ಮಾರಿ!" ಅಂದರು. ಮಧ್ಯಾಹ್ನ ಪಲಾವ್ ಇತ್ತು, ಚೀಲ ಮತ್ತು ಪೆನ್ನು ಕೊಟ್ಟರು.

ಮುಂದಿನದೆಲ್ಲ ಸಲೀಸು. ಹಳೆಯ ದೋಷಗಳ ಪಟ್ಟಿಯನ್ನೇ ತಂದು, ತಲೆಬರಹವನ್ನಷ್ಟೇ ಬದಲಾಯಿಸಿ ಬೋರ್ಡು ಬರೆಸಿದೆವು. ಸಿಗ್ನಲ್ ಇಲ್ಲದ್ದು ಡಿಜಿಟಲ್ ಡಿಟಾಕ್ಸ್ ಆಯಿತು. ಕರೆಂಟು ಹೋಗುವುದು ಕ್ಯಾಂಡಲ್ ಲೈಟ್ ಡಿನ್ನರ್ ಆಯಿತು. ದನ ಜಾರಿ ಬಿದ್ದು ಸಾಯುತ್ತಿದ್ದ ಹಾಳು ದಿಣ್ಣೆಗೆ ಸನ್‌ಸೆಟ್ ಪಾಯಿಂಟ್ ಎಂದು ನಾಮಕರಣವಾಯಿತು. ಅದು ಪೂರ್ವಕ್ಕಿದೆ ಎಂದು ಯಾರೋ ತಕರಾರು ತೆಗೆದರು. ಮಂಜಿನಲ್ಲಿ ಯಾವ ದಿಕ್ಕಿಗೂ ಏನೂ ಕಾಣದಿರುವುದರಿಂದ ಅದನ್ನು ಅಷ್ಟಕ್ಕೇ ಬಿಟ್ಟೆವು. ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿದ್ದು 1971ರಲ್ಲಿ. ಅಂದಿನಿಂದ ಇಷ್ಟು ವರ್ಷ ಯಾರಿಗೂ ಹೊಳೆಯದೇ ಇದ್ದ ಇಂಬಳವನ್ನು ಉದ್ಯಮಕ್ಕೆ ತಂದ ಕೀರ್ತಿ ಮಾತ್ರ ನನ್ನ ಚಿಕ್ಕಪ್ಪನ ಮಗನದು. ಈಗ ಅವನ ಹೋಂಸ್ಟೇಯಲ್ಲಿ ಇಂಬಳದ ಕಾಲುಚೀಲ ಬಾಡಿಗೆಗೆ ಸಿಗುತ್ತದೆ, ಕಾಲುಚೀಲ ಹಾಕಿಕೊಂಡು ನಡೆಯುವುದಕ್ಕೆ ರೈನ್‌ಫಾರೆಸ್ಟ್ ವಾಕ್ ಎಂದು ಬೇರೆ ದರವಿದೆ. ನಾವು ಐವತ್ತು ವರ್ಷ ಪುಕ್ಕಟೆ ಕಚ್ಚಿಸಿಕೊಂಡು ರಕ್ತ ಹಾಳು ಮಾಡಿದೆವು.

ಜಿಲ್ಲೆಗೆ ಉದ್ಯಮಶೀಲತೆ ಹೊಸದೇನಲ್ಲ, ಅದನ್ನು ಇಲ್ಲಿ ಹೇಳಿಬಿಡಬೇಕು. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಬಂದು ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಹೂಡಿಕೆದಾರರಿಲ್ಲ, ಪ್ರಾಜೆಕ್ಟ್ ರಿಪೋರ್ಟ್ ಇಲ್ಲ, ಸಬ್ಸಿಡಿ ಇಲ್ಲ, ಏಳೇ ಬೀಜ. ಇಂದು ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದರಲ್ಲಿ ದೊಡ್ಡ ಭಾಗ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಆದ್ದರಿಂದ ತೋಟದ ನಡುವಿನ ಹೋಂಸ್ಟೇಯಲ್ಲಿ ಅತಿಥಿಗೆ ಪೇಟೆಯಿಂದ ತಂದ ಪ್ಯಾಕೆಟ್ಟಿನ ಇನ್‌ಸ್ಟಂಟ್ ಪುಡಿಯ ಕಾಫಿಯನ್ನೇ ಕೊಡಬೇಕಾಗುತ್ತದೆ. ಅತಿಥಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಎಸ್ಟೇಟ್ ಕಾಫಿಯ ರುಚಿಯೇ ಬೇರೆ ಅನ್ನುತ್ತಾನೆ. ಅವನ ಸಂತೋಷ ಕೆಡಿಸುವಷ್ಟು ಒರಟರಲ್ಲ ನಾವು.

ಸರ್ಕಾರದ ನಿಯಮದ ಪ್ರಕಾರ ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ, ಬಾಡಿಗೆಗೆ ಹೆಚ್ಚೆಂದರೆ ಐದು ಕೋಣೆ. ನಿಯಮ ಒಳ್ಳೆಯದೇ. ನಮ್ಮ ಚಿಕ್ಕಪ್ಪನ ಮಗ ಅದನ್ನು ಮೂರು ಬಾರಿ ಪಾಲಿಸಿದ್ದಾನೆ: ಐದು ಕೋಣೆ ತನ್ನ ಹೆಸರಿಗೆ, ಐದು ಹೆಂಡತಿಯ ಹೆಸರಿಗೆ, ಐದು ಎರಡನೇ ಪಿಯುಸಿ ಓದುವ ಮಗನ ಹೆಸರಿಗೆ. ಮೂರೂ ಮನೆಯವರು ಬೆಂಗಳೂರಿನ ವಿಜಯನಗರದಲ್ಲಿ ಒಂದೇ ಫ್ಲಾಟಿನಲ್ಲಿ ಅನ್ಯೋನ್ಯವಾಗಿದ್ದಾರೆ. ಇಲ್ಲಿ ವಾಸವಿರುವುದು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗ. 'ಅಜ್ಜಿಯ ಕೈರುಚಿ' ಎಂಬ ಬೋರ್ಡಿನ ಕೆಳಗೆ ಬೆಳಿಗ್ಗೆ ಐದಕ್ಕೆ ಎದ್ದು ಕಡುಬಿಗೆ ಹಿಟ್ಟು ತೊಳಸುವವನು ಅವನೇ. ಮೊಬೈಲಿನಲ್ಲಿ ನೋಡಿ ಕಲಿತನಂತೆ. ಅವನ ಕಡುಬು ನಮ್ಮ ಮನೆಯ ಹೆಂಗಸರ ಕಡುಬಿಗಿಂತ ಮೆತ್ತಗಿರುತ್ತದೆ, ಇದನ್ನು ಮನೆಯಲ್ಲಿ ಹೇಳಿ ನಾನು ಎರಡು ದಿನ ಅನುಭವಿಸಿದೆ. ಅಜ್ಜಿ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಆಕೆಯ ಫೋಟೋಗೆ ಹಾರ ಹಾಕುವ ಹಾಗಿಲ್ಲ. ಹಾಕಿದರೆ ಅತಿಥಿಗಳಿಗೆ ಊಟ ಸೇರುವುದಿಲ್ಲ.

ರಸ್ತೆಯ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ರಸ್ತೆಗೆ ಟಾರು ಹಾಕಿಸಿ ಎಂದು ನನ್ನಪ್ಪ ಬರೆದ ಅರ್ಜಿಗಳ ಕಾರ್ಬನ್ ಪ್ರತಿ ಇನ್ನೂ ಟ್ರಂಕಿನಲ್ಲಿದೆ. ಆ ಕಾಲದವರಿಗೆ ದೂರದೃಷ್ಟಿ ಕಡಿಮೆ. ಈಗ ಅದೇ ರಸ್ತೆಯಲ್ಲಿ ಆಫ್‌ರೋಡ್ ಜೀಪುಗಳು ಓಡುತ್ತವೆ, ಹೊಂಡಕ್ಕೆ ಇಷ್ಟು ಎಂದು ದರ ಇಲ್ಲದಿದ್ದರೂ ಹೊಂಡ ಹೆಚ್ಚಿದಷ್ಟು ಬೇಡಿಕೆ ಹೆಚ್ಚು. ಜಿಟಿಜಿಟಿ ಮಳೆಯಲ್ಲಿ ಕೆಸರು ಹದವಾದಾಗ ಹಿಂದಿನ ಸೀಟಿನಿಂದ ಬರುವ ಚೀರಾಟ ನಮ್ಮ ಜಗುಲಿಗೇ ಕೇಳುತ್ತದೆ. ಹೋದ ವರ್ಷ ಎಲ್ಲಿಂದಲೋ ಅನುದಾನ ಮಂಜೂರಾಗಿ ಟಾರಿನ ಡ್ರಮ್ಮು ಬಂದಿಳಿದಾಗ ಊರೇ ಗಾಬರಿಯಾಯಿತು. ಹಿರಿಯರು ನಿಯೋಗ ಕಟ್ಟಿಕೊಂಡು ಹೋಗಿ, ದಯವಿಟ್ಟು ರಸ್ತೆ ಮಾಡಬೇಡಿ ಎಂದು ಮನವಿ ಕೊಟ್ಟು ಬಂದರು. ಆಡಳಿತದಿಂದ ಇಷ್ಟು ಬೇಗ ಈಡೇರಿದ ಬೇಡಿಕೆಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ. ಆಮೇಲಿನ ಆಷಾಢದಲ್ಲಿ ಲೈನ್ ಮನೆಯ ಹೆಣ್ಣುಮಗಳಿಗೆ ನಡುರಾತ್ರಿ ಹೆರಿಗೆ ನೋವು ಬಂದಾಗ ಅದೇ ಜೀಪಿನವನು ಅದೇ ಹೊಂಡಗಳ ಮೇಲೆ ಕರೆದುಕೊಂಡು ಹೋದ. ಪ್ರವಾಸಿಗರ ದರ ತೆಗೆದುಕೊಳ್ಳಲಿಲ್ಲ. ಸ್ಥಳೀಯರಿಗೆ ಅರ್ಧ ರಿಯಾಯಿತಿ.

ಇನ್ನು ನೀರು. ಊರಿನ ಕೆಳಗೆ ನಾವು ಹಂಡೆ ತುಂಬಿಸುತ್ತಿದ್ದ ಹಳ್ಳ ಒಂದಾಳೆತ್ತರದಿಂದ ಧುಮುಕುತ್ತದೆ. ಅದೀಗ ಹಿಡನ್ ಫಾಲ್ಸ್. ಬಚ್ಚಿಟ್ಟುಕೊಂಡ ಈ ಜಲಪಾತಕ್ಕೆ ದಾರಿ ತೋರಿಸುವ ಒಂಬತ್ತು ಬೋರ್ಡುಗಳಿವೆ. ಅದರ ಬುಡದಲ್ಲಿ ಒಡೆದ ಬಾಟಲಿಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಹಸಿರು, ಕಂದು, ಬಿಳಿ ಮೂರು ಬಣ್ಣದ ಹೊಳಪು ಬರುತ್ತದೆ, ಬರಿಗಾಲಲ್ಲಿ ಇಳಿಯದಿದ್ದರೆ ನೋಡುವಂಥದ್ದೇ. ಗುಜರಿಯವನಿಗೆ ಕೆಲಸ, ಗದ್ದೆಯವರಿಗೆ ಗಂಬೂಟು ಮಾರುವವನಿಗೆ ಕೆಲಸ, ಕಾಲು ಹೊಲಿಯುವ ಡಾಕ್ಟರಿಗೆ ಕೆಲಸ. ಒಂದು ಬಾಟಲಿ ಕೈ ಬದಲಿಸುತ್ತಾ ಎಷ್ಟು ಮನೆ ಬೆಳಗುತ್ತದೆಂದು ಅರ್ಥಶಾಸ್ತ್ರ ಓದಿದವರಿಗಷ್ಟೇ ಗೊತ್ತು.

ಸಂಬಳಕ್ಕೆ ಸೇರಿದ ಜಲಪಾತಗಳಲ್ಲಿ ಜೋಗವೂ ಒಂದು. 253 ಮೀಟರ್ ಎತ್ತರದಿಂದ ಶರಾವತಿ ಅನಾದಿಕಾಲದಿಂದ ಸುಮ್ಮನೆ, ಲೆಕ್ಕಪತ್ರವಿಲ್ಲದೆ ಬೀಳುತ್ತಿದ್ದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶಿಸ್ತಿಗೆ ಬಂದಳು. ಈಗ ವರ್ಷದ ಬಹುಪಾಲು ಟರ್ಬೈನಿನಲ್ಲಿ ಡ್ಯೂಟಿ, ಮಳೆಗಾಲದಲ್ಲಿ ಮಾತ್ರ ದರ್ಶನ. ಬೇಸಿಗೆಯಲ್ಲಿ ಹೋದವರಿಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆಯ ಮೇಲಿದ್ದು ಬಂಡೆಯೊಂದೇ ಸಿಗುತ್ತದೆ. ದುಡ್ಡು ಕೊಟ್ಟು ಬಂದವರು ಬಂಡೆ ನೋಡಿ ಹೋಗಬಾರದೆಂಬ ಕಳಕಳಿಯಿಂದ, ಕೆಳಗೆ ಬಿದ್ದ ನೀರನ್ನೇ ಪಂಪು ಹಚ್ಚಿ ಮೇಲೆತ್ತಿ ವರ್ಷವಿಡೀ ಬೀಳಿಸುವ ಯೋಜನೆಯೂ ಒಮ್ಮೆ ಹೊರಟಿತ್ತು. ನೀರಿನಿಂದ ಕರೆಂಟು, ಕರೆಂಟಿನಿಂದ ನೀರು. ಇಂಥ ಸ್ವಾವಲಂಬನೆ ಬೇರೆ ಯಾವ ದೇಶದಲ್ಲಿದೆಯೋ ನಾನರಿಯೆ. ಆ ಅಣೆಕಟ್ಟಿಗೆ ಮನೆಮಠ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಸುತ್ತುತ್ತಿದ್ದಾರೆ. ಅದನ್ನು ಯಾರೂ ಇನ್ನೂ ಹೆರಿಟೇಜ್ ವಾಕ್ ಎಂದು ಕರೆಯದಿರುವುದು ಆಶ್ಚರ್ಯ.

ಏಕಾಂತವೇ ನಮ್ಮ ಮುಖ್ಯ ಸರಕು, ಅದಕ್ಕೆ ಎಷ್ಟು ಬೇಡಿಕೆಯೆಂದರೆ ಏಕಾಂತಕ್ಕೆ ಸರದಿ ನಿಲ್ಲಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ತಾಗಿಕೊಂಡು ಏಕಾಂತ ಅನುಭವಿಸುತ್ತಿದ್ದ ಜನಸಾಗರದ ಚಿತ್ರವನ್ನು ನಾಡೇ ನೋಡಿತು. ರಸಹೀನರಾದ ಅರಣ್ಯ ಇಲಾಖೆಯವರು ಆಮೇಲೆ ಚಾರಣಕ್ಕೆ ತಡೆ ಹಾಕಿ ಆನ್‌ಲೈನ್ ಬುಕಿಂಗ್ ಎಂದರು. ನಮ್ಮ ಮುಳ್ಳಯ್ಯನಗಿರಿಯದೂ ಅದೇ ವೈಭವ. 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ವಾರಾಂತ್ಯಕ್ಕೆ ಕಾರುಗಳ ಸಾಲು ಕೈಮರದ ಚೆಕ್‌ಪೋಸ್ಟಿನತ್ತ ಬೆಳೆಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡು ಬೇಸತ್ತವರು ಐದಾರು ಗಂಟೆ ಪಯಣಿಸಿ ಬಂದು ತಂಪು ಹವೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬದಲಾವಣೆ ಮನುಷ್ಯನಿಗೆ ಬೇಕೇ ಬೇಕು.

ನಮ್ಮಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನ ಸೌಲಭ್ಯ ರೈನ್ ಡ್ಯಾನ್ಸ್. ಇದನ್ನು ಸ್ವಲ್ಪ ವಿವರಿಸಬೇಕು. ಅಂಗಳದಲ್ಲಿ ಕಬ್ಬಿಣದ ಚೌಕಟ್ಟು, ಅದರ ತುಂಬ ತೂತು ಕೊರೆದ ಪೈಪು, ಪೈಪಿಗೆ ಮೋಟರು, ಮೋಟರಿಗೆ ಜನರೇಟರು, ಪಕ್ಕದಲ್ಲಿ ಆಳೆತ್ತರದ ಎರಡು ಸ್ಪೀಕರು. ಹೊರಗೆ ಆಕಾಶ ಹರಿದು ಸುರಿಯುತ್ತಿರುವಾಗ ಜನ ಈ ಚೌಕಟ್ಟಿನ ಕೆಳಗೆ ನಿಂತು ಕುಣಿಯುತ್ತಾರೆ. ನಾನು ಒಮ್ಮೆ ಛತ್ರಿ ಹಿಡಿದು ನಿಂತು ಒಬ್ಬ ಅತಿಥಿಯನ್ನು ಕೇಳಿದೆ, ಆ ಕಡೆ ಸರಿದರೆ ಪುಕ್ಕಟೆ ಮಳೆ ಇದೆಯಲ್ಲ ಎಂದು. ಆತ ವಿನಯದಿಂದ, "ಅದರಲ್ಲಿ ನೆನೆದರೆ ನೆಗಡಿ ಆಗುತ್ತೆ ಅಂಕಲ್" ಅಂದ. ಡಿಜಿಟಲ್ ಡಿಟಾಕ್ಸಿಗೆ ಬಂದವರು ಬಂದ ಅರ್ಧ ಗಂಟೆಗೆ ವೈಫೈ ಪಾಸ್‌ವರ್ಡ್ ಕೇಳುತ್ತಾರಾದ್ದರಿಂದ ದಿಣ್ಣೆಯ ಮೇಲೆ ಟವರೂ ಬಂದಿದೆ. ನಿಶ್ಶಬ್ದಕ್ಕೆ ಬಂದವರಿಗಾಗಿ ಸ್ಪೀಕರ್ ರಾತ್ರಿ ಎರಡರವರೆಗೆ. ಬೆಳಿಗ್ಗೆ ಸಿಳ್ಳಾರ ಹಕ್ಕಿ ಬೇಗ ಕೂಗಿ ನಿದ್ದೆ ಕೆಡಿಸಿತೆಂದು ಒಬ್ಬರು ಒಂದು ಸ್ಟಾರ್ ಕಡಿಮೆ ಕೊಟ್ಟು ಹೋದರು. ಆ ಹಕ್ಕಿ ಅಪರೂಪಕ್ಕೆ ಬರುತ್ತದೆ ಈಗ, ಅದರಿಂದ ರೇಟಿಂಗ್ ಸುಧಾರಿಸಿದೆ.

ಕೃಷಿಯನ್ನೂ ಮರೆತಿಲ್ಲ. ಆಳು ಸಿಗದೆ, ಕಾಡುಹಂದಿ ಬಿಡದೆ ನಮ್ಮೂರಿನ ಗದ್ದೆಗಳೆಲ್ಲ ಹಡಿಲು ಬಿದ್ದು ಎಷ್ಟೋ ವರ್ಷವಾಗಿತ್ತು. ಈಗ ಅರ್ಧ ಎಕರೆಯನ್ನು ಪ್ರತಿ ಶನಿವಾರ ಉತ್ತು ಕೆಸರು ಮಾಡಲಾಗುತ್ತದೆ. ಅತಿಥಿಗಳು ತಲೆಗಿಷ್ಟು ಕೊಟ್ಟು ಸಾಲಾಗಿ ನಿಂತು ನಾಟಿ ಮಾಡಿ, ಕೆಸರೆರಚಿಕೊಂಡು, ಚಿತ್ರ ತೆಗೆಸಿಕೊಳ್ಳುತ್ತಾರೆ. ಭಾನುವಾರ ಸಂಜೆ ಅದೇ ಸಸಿಗಳನ್ನು ಕಿತ್ತು, ತೊಳೆದು, ಮುಂದಿನ ಶನಿವಾರಕ್ಕೆ ನೆರಳಲ್ಲಿಡುತ್ತೇವೆ. ಒಂದು ಸಸಿ ಆರು ವಾರ ಬಾಳುತ್ತದೆ. ಭತ್ತ ಬೆಳೆದು ಇಷ್ಟು ದುಡ್ಡು ಕಂಡ ರೈತ ನಮ್ಮ ಸೀಮೆಯಲ್ಲಿ ಇರಲಿಲ್ಲ, ಬೆಳೆಯದೇ ಕಂಡದ್ದು ನಾವೇ ಮೊದಲು.

ಗುಡ್ಡದ ಸಹಕಾರವನ್ನೂ ನೆನೆಯಬೇಕು. ಈಜುಕೊಳಕ್ಕೂ ಕಾರು ನಿಲ್ಲಿಸುವುದಕ್ಕೂ ಜೆಸಿಬಿ ತಂದು ಬೆಟ್ಟದ ಬುಡವನ್ನು ಲಂಬವಾಗಿ ಕಡಿದಿದ್ದೆವು. ಎರಡನೇ ಮಳೆಗಾಲದಲ್ಲಿ ಬೆಟ್ಟ ತಾನಾಗಿ ಜರುಗಿ ಕೆಳಗಿನ ತೋಟದ ಮೇಲೆ ಕುಳಿತಿತು. ತೋಟದವರ ಅಡಿಕೆ, ಮೆಣಸು ಹೋಯಿತು ನಿಜ. ಆದರೆ ನೋಟಕ್ಕೆ ಅಡ್ಡವಿದ್ದ ಮರಗಳೂ ಹೋದವು. ಕಣಿವೆ ಪೂರ್ತಿ ಕಾಣುವ ಆ ಮೂರು ಕೋಣೆಗಳಿಗೆ ಈಗ ವ್ಯಾಲಿ ವ್ಯೂ ದರ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಪ್ರವಾಸಿಗರನ್ನು ಕೆಲಕಾಲ ಬರಬೇಡಿ ಎಂದಿದ್ದರು. ಆ ಬುಕಿಂಗ್‌ಗಳು ನಮ್ಮ ಕಡೆ ತಿರುಗಿದ್ದನ್ನು ಚಿಕ್ಕಪ್ಪನ ಮಗ ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾನೆ.

ಇಷ್ಟೆಲ್ಲ ಏಳಿಗೆಗೆ ತೊಡಕಾಗಿರುವುದು ಒಬ್ಬರೇ, ನಮ್ಮ ಚಿಕ್ಕಮ್ಮ. ಮಗ ಬೆಂಗಳೂರಿಗೆ ಕರೆದರೂ ಹೋಗದೆ ಹಳೆಯ ಮನೆಯಲ್ಲೇ ಉಳಿದಿದ್ದಾರೆ. ಜಗುಲಿಯಲ್ಲಿ ಕುಳಿತು ಕಾಲು ಚಾಚಿಕೊಂಡು ಹಲಸಿನ ಬೀಜ ಸುಲಿಯುವ ಅವರ ಚಿತ್ರ ಹೋಂಸ್ಟೇಯ ಜಾಹೀರಾತಿನಲ್ಲಿದೆ, ಅಷ್ಟರಮಟ್ಟಿಗೆ ಉಪಯುಕ್ತರೇ. ಆದರೆ ದಾರಿಯಲ್ಲಿ ಹೋಗುವವರನ್ನು ಕಂಡರೆ, "ಬನ್ನಿ, ಆಸರಿಗೆ ಎಂತ ಬೇಕು?" ಎಂದು ಕೇಳುವ ಹಳೆಯ ಚಾಳಿ ಬಿಟ್ಟಿಲ್ಲ. ಒಳಗಿನಿಂದ ತಂಬಿಗೆಯಲ್ಲಿ ಮಜ್ಜಿಗೆ ತರುತ್ತಾರೆ, ಮೇಲೆ ಒಂದು ಗಾಂಧಾರಿ ಮೆಣಸು ನುರಿದು ಹಾಕಿ. ಹೋದ ತಿಂಗಳು ಒಬ್ಬ ಹುಡುಗನ ಹಿಮ್ಮಡಿಗೆ ಇಂಬಳ ಕಚ್ಚಿ ರಕ್ತ ನಿಲ್ಲದೆ ಅಳುತ್ತಿದ್ದ. ಇವರು ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಎಲೆಯಡಿಕೆ ತಟ್ಟೆಯ ಸುಣ್ಣ ಹಚ್ಚಿ, ಎಂತ ಆಗಲ್ಲ ಮಗ ಎಂದು ಒಂದು ತುಂಡು ಬೆಲ್ಲವನ್ನೂ ಬಾಯಿಗಿಟ್ಟು ಕಳಿಸಿದ್ದಾರೆ. ಹುಡುಗನ ತಂದೆ ಫೋನು ತೆಗೆದು ಎಷ್ಟಾಯಿತು ಎಂದು ಕೇಳಿದರೆ, ಚಿಕ್ಕಮ್ಮ ಹೊತ್ತು ಕೇಳಿದನೆಂದುಕೊಂಡು, "ನಾಲ್ಕೂವರೆ ಆಗಿರಬಹುದು" ಅಂದರಂತೆ.

ಮೆನುವಿನಲ್ಲಿ ಮಸಾಲೆ ಮಜ್ಜಿಗೆಗೆ 90 ರೂಪಾಯಿ ಇರುವಾಗ ಐವತ್ತು ಹೆಜ್ಜೆ ದೂರದಲ್ಲಿ ಅದನ್ನು ಪುಕ್ಕಟೆ ಹಂಚುವುದು ಮಾರುಕಟ್ಟೆಯನ್ನು ಹಾಳುಮಾಡುವ ಕೆಲಸವೆಂದು ಊರಿನ ಇತರ ಹೋಂಸ್ಟೇಯವರೂ ಸೇರಿ ಮಗನಿಗೆ ಬರವಣಿಗೆಯಲ್ಲೇ ದೂರು ಕೊಟ್ಟರು. ಅವನು ಬೆಂಗಳೂರಿನಿಂದ ಬಂದು ತಾಯಿಗೆ ತಿಳಿಹೇಳಿ, ಜಗುಲಿ ಕಂಬಕ್ಕೆ ಕ್ಯೂಆರ್ ಕೋಡ್ ಅಂಟಿಸಿ ಹೋಗಿದ್ದಾನೆ. ಚಿಕ್ಕಮ್ಮ ಈಗ ಜಗುಲಿಯಲ್ಲಿ ಏನನ್ನೂ ಕೊಡುವುದಿಲ್ಲ. ಹಿತ್ತಿಲ ಬಾಗಿಲಿನಿಂದ ಕೊಡುತ್ತಿದ್ದಾರೆಂಬ ಗುಮಾನಿಯಿದ್ದು, ಅಸ್ಸಾಮಿನ ಹುಡುಗನನ್ನು ಕಾವಲಿಗೆ ಹಾಕಲಾಗಿದೆ. ಅವನು ಅಂಥದ್ದೇನೂ ನಡೆಯುತ್ತಿಲ್ಲ ಎಂದು ಪ್ರತಿ ಸಂಜೆ ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಳ್ಳುತ್ತಾ ಫೋನಿನಲ್ಲಿ ವರದಿ ಕೊಡುತ್ತಾನೆ.