ಜರ್ಮನಿಯ ಗದಗ ಮೂಲ: ಒಂದು ಶಾಸ್ತ್ರೀಯ ವಿಚಾರ

ಪ್ರತಿಜ್ಞೆ: ಜರ್ಮನಿಯೆಂಬುದು ಗದಗ ಜಿಲ್ಲೆಯ ಕಳೆದುಹೋದ ತಾಲೂಕು. ವಿಮಾನ, ಅಣುಬಾಂಬು ಮೊದಲಾದವುಗಳ ಮೂಲವನ್ನು ಹಿರಿಯ ವಿದ್ವಾಂಸರು ಈಗಾಗಲೇ ಇಲ್ಲಿಗೆ ತಂದು ಮುಟ್ಟಿಸಿರುವುದರಿಂದ ಈ ಬಡ ಸಂಶೋಧಕನ ಪಾಲಿಗೆ ಉಳಿದದ್ದು ಜರ್ಮನಿ ಒಂದೇ.

ಪೂರ್ವಪಕ್ಷ: ‘ಬೆಟಗೇರಿ ಮಂದಿ ಜರ್ಮನ್ ದವಾಖಾನಿ ಅಂತಾರಲ್ರೀ, ಹಂಗಾದ್ರ ಬಂದವರು ಅವರಲ್ಲೇನು?’ ಬಂದರು, ನಿಜ. 1841ರಲ್ಲಿ, ಬಾಸೆಲ್ ಮಿಷನ್ ಹೆಸರಿನಲ್ಲಿ. ಆದರೆ ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಪಾದ್ರಿಗಳಲ್ಲಿ ಬಹಳಷ್ಟು ಜನ ವುರ್ಟೆಂಬರ್ಗಿನ ಶ್ವಾಬರು. ತಮ್ಮೂರು ಯಾವುದೆಂಬುದರಲ್ಲೇ ಇಷ್ಟು ಗೊಂದಲವಿದ್ದವರು ತವರಿಗೆ ಮರಳಿದವರೇ ಹೊರತು ಪರದೇಶಿಗಳಲ್ಲ.

ಶ್ವಾಬರು ಬಿಗಿಮುಷ್ಟಿಗೆ ಹೆಸರಾದವರು. ಮಹಡಿ ಮನೆಗಳಲ್ಲಿ ಈ ವಾರ ಮೆಟ್ಟಿಲು ಗುಡಿಸುವ ಪಾಳಿ ಯಾರದೋ ಅವರ ಬಾಗಿಲಿಗೆ ಹಲಗೆ ತೂಗುಹಾಕುತ್ತಾರೆ. ಇದು ನಮ್ಮ ನಳದ ಪಾಳಿಯ ಅಪಭ್ರಂಶ. ನಮಗೆ ಹಲಗೆ ಬೇಕಿಲ್ಲ, ಕೊಡದ ಸಾಲೇ ಸಾಕು. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ 10ಕ್ಕೆ ಎಂದು ಬರೆದ ಪಾಠ 10:15ಕ್ಕೆ ಶುರುವಾಗುತ್ತದೆ. ‘ಅಕಾಡೆಮಿಕ್ ಕಾಲುಗಂಟೆ’ ಎಂಬ ಹಳೆಯ ಸಂಪ್ರದಾಯ. ಗದಗಿನ ಸಭೆಗಳ ಒಂದೂವರೆ ತಾಸನ್ನು ಕಾಲುಗಂಟೆಗೆ ಇಳಿಸಿದ್ದು ಅದೇ ಜಿಪುಣತನ.

ಪ್ರಾದೇಶಿಕ ಭೇದಗಳಂತೂ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗ ಪುಲಿಗೆರೆಯನ್ನು, ಅಂದರೆ ಈಗಿನ ಲಕ್ಷ್ಮೇಶ್ವರವನ್ನು, ಎಣಿಸುತ್ತದೆ. ಇದನ್ನು ಕದ್ದು ಕೇಳಿದ ಹಾನೋವರ್ ಮಂದಿ ‘ಶುದ್ಧ ಜರ್ಮನ್ ನಮ್ಮದೇ’ ಎಂದು ಇಂದಿಗೂ ಬೀಗುತ್ತಾರೆ. ಕ್ಯೋಲ್ನ್ ಊರಿನವರು ಡ್ಯುಸೆಲ್ಡಾರ್ಫ್‌ನ ಬಿಯರನ್ನು ಮೂಸಿಯೂ ನೋಡುವುದಿಲ್ಲವಂತೆ. ಗದಗ, ಬೆಟಗೇರಿಗಳಿಗೆ ಒಂದೇ ನಗರಸಭೆ ಕಟ್ಟಿ ಕೂರಿಸಿದವರು ರೈನ್ ದಂಡೆಗೆ ಹೋಗದಿದ್ದುದೇ ಅದಕ್ಕೆ ಕಾರಣ.

ಶಿರಹಟ್ಟಿಯ ವಿಷಯದಲ್ಲಿ ಮಾತ್ರ ಜರ್ಮನರು ಪಾಠ ಅರ್ಧಕ್ಕೇ ಬಿಟ್ಟರು. 1618ರಿಂದ 30 ವರ್ಷ ಧರ್ಮದ ಹೆಸರಿನಲ್ಲಿ ಕಾದಾಡಿ, 1648ರಲ್ಲಿ ಓಸ್ನಾಬ್ರ್ಯುಕ್‌ನಲ್ಲಿ ಒಂದು ರಾಜಿ ಮಾಡಿಕೊಂಡರು: ಆ ಊರ ಗದ್ದುಗೆಗೆ ಒಮ್ಮೆ ಕ್ಯಾಥೊಲಿಕ್ ಬಿಷಪ್, ಮುಂದಿನ ಸಲ ಪ್ರಾಟೆಸ್ಟೆಂಟ್. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಪಾಳಿಯ ತಂಟೆಯೇ ಇಲ್ಲ. ಫಕೀರನೂ ಈಶ್ವರನೂ ಒಂದೇ ಹೆಸರಿನಲ್ಲಿ ಕೂತುಬಿಟ್ಟಿದ್ದಾರೆ. (ಇಲ್ಲಿ ಅಣಕಿಸಲು ಪ್ರಬಂಧಕಾರನಿಗೆ ಏನೂ ಸಿಗಲಿಲ್ಲ.)

ಮುಂಡರಗಿ ಕಡೆಯ ಪುರಾವೆ ಕಪ್ಪತ್ತಗುಡ್ಡದ ಗಾಳಿಯದು. ಕನ್ನಡ ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫ ಇಂದು ಔರಿಕ್ ಜಿಲ್ಲೆಯಲ್ಲಿದೆ. ಅಲ್ಲಿ ಕಲ್ಲುಸಕ್ಕರೆಯ ಮೇಲೆ ಚಹಾ ಸುರಿದು, ಕೆನೆ ಬಿಟ್ಟು, ಕದಡದೆ ಕುಡಿಯುತ್ತಾರೆ. ಮೂರು ಕಪ್ಪಾಗದೆ ಏಳುವುದು ಅಪಮಾನ. ನಮ್ಮಲ್ಲಿ ಒಂದನ್ನೇ ಮೂವರು ‘ಬೈ ತ್ರೀ’ ಮಾಡುತ್ತೇವೆ. ಗುಣಾಕಾರ, ಭಾಗಾಕಾರಗಳ ವ್ಯತ್ಯಾಸ ಬಿಟ್ಟರೆ ಲೆಕ್ಕ ಒಂದೇ. ಅದೇ ಔರಿಕ್‌ನಲ್ಲಿ 1984ರಲ್ಲಿ ಎನರ್ಕಾನ್ ಎಂಬ ಗಾಳಿಯಂತ್ರದ ಕಂಪನಿ ಹುಟ್ಟಿತು. ಕಪ್ಪತ್ತಗುಡ್ಡದ ಗಾಳಿ ಕಿಟೆಲ್‌ರ ನಿಘಂಟಿನ ಪುಟಗಳ ನಡುವೆ ಅಡಗಿ ಹಡಗು ಹತ್ತಿತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಒಂದೇ ಆಕ್ಷೇಪ ಉಳಿಯುತ್ತದೆ. 1905ರಲ್ಲಿ ನಮ್ಮ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘಕ್ಕೆ ಮಾದರಿ ಜರ್ಮನಿಯ ರೈಫೈಸನ್ ಎನ್ನುತ್ತಾರೆ. ಆತ ತೀರಿಕೊಂಡದ್ದು 1888ರಲ್ಲಿ. ಸಂಘ ಹುಟ್ಟುವ 17 ವರ್ಷ ಮೊದಲೇ ಸತ್ತವನು ಅದನ್ನು ನೋಡಿ ಕಲಿತದ್ದು ಹೇಗೆ? ಈ ಸಮಸ್ಯೆಯನ್ನು ಎರಡನೇ ಸಂಪುಟದಲ್ಲಿ ಬಗೆಹರಿಸಲಾಗುವುದು. ಅದರ ಮುದ್ರಣಕ್ಕೆ ಸಹಕಾರಿ ಸಂಘದಲ್ಲಿ ಸಾಲ ಕೇಳಿದ್ದೇವೆ. ಪ್ರಬಂಧ ಓದಿದ ಮೇಲೂ ಸಹಿ ಹಾಕಬಲ್ಲ ಇಬ್ಬರು ಜಾಮೀನುದಾರರು ಬೇಕಂತೆ.