ವೇಸ್ಟು ಬೇಡ, ಪ್ಯಾಂಟು ಕೊಡಿ

ಇಂಗ್ಲಿಷಿನವರು ಆಲದ ಮರಕ್ಕೂ ಬನಿಯನ್ನಿಗೂ ಒಂದೇ ಹೆಸರಿಟ್ಟು ಕೂತಿದ್ದಾರೆ. ಬರೆಯುವಾಗ ಒಂದಕ್ಷರ ಬದಲಿಸುತ್ತಾರಂತೆ, ಕಿವಿಗೇನು ಗೊತ್ತು! ಎರಡಕ್ಕೂ ಮೂಲ ನಮ್ಮ ಗುಜರಾತಿನ ಬನಿಯಾಗಳು. ಮರದಡಿ ವ್ಯಾಪಾರಕ್ಕೆ ಕೂತರು, ಮರಕ್ಕೆ ಅವರ ಹೆಸರು ಬಂತು. ಸಡಿಲ ಅಂಗಿ ತೊಟ್ಟರು, ಅದಕ್ಕೂ ಬಂತು. ಮರದ ಬನಿಯನ್ ನಮ್ಮ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಗೆ ಹಬ್ಬಿದೆ. ಬಟ್ಟೆಯದು ತಿರುಪ್ಪೂರನ್ನೇ ನುಂಗಿದೆ.

ಆ ತಿರುಪ್ಪೂರಿನ ಖಾದರ್‌ಪೇಟೆಗೆ ಕೊಯಮತ್ತೂರಿನ ಭಾವನ ಜೊತೆ ಟ್ರ್ಯಾಕ್ ಪ್ಯಾಂಟ್ ಕೊಳ್ಳಲು ಹೋಗಿದ್ದೆ. ಭಾವ ದೇವಾಂಗದವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಮಯಕ್ಕೆ ಮೌನ.

"ವೇಸ್ಟ್ ಎವ್ವಳವು ಸಾರ್?" ಎಂದ ಅಂಗಡಿಯವ.

ಗ್ಯಾರೇಜಿನವರು ಕೈ ಒರೆಸಿಕೊಳ್ಳುವ ಬನಿಯನ್ ವೇಸ್ಟ್ ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತದೆಂದು ನನಗೆ ಗೊತ್ತು. ಗತ್ತಿನಿಂದ "ವೇಸ್ಟ್ ವೇಂಡಾಂ" ಎಂದೆ.

"ವೇಸ್ಟ್ ಇಲ್ಲಾಮ ಎಪ್ಪಡಿ ಸಾರ್ ಪ್ಯಾಂಟ್?"

ಈ ಊರಿನವರು ಪ್ಯಾಂಟಿನ ಜೊತೆ ಚಿಂದಿಯನ್ನೂ ಗಂಟು ಹಾಕುತ್ತಾರಲ್ಲ ಎಂದು ರೇಗಿತು. ಫಸ್ಟ್ ಕ್ವಾಲಿಟಿ ಬೇಕು, ವೇಸ್ಟ್ ಒಂದು ಚೂರೂ ಇರಕೂಡದು ಎಂದು ದಬಾಯಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಡುವೆ ಕಣ್ಣು ನಿಲ್ಲಿಸಿ, "ಆನಾ ವೇಸ್ಟ್ ಜಾಸ್ತಿ ಇರುಕ್ಕೇ ಸಾರ್" ಎಂದು ನೊಂದು ನುಡಿದ. ತನ್ನ ಮಾಲಿನಲ್ಲಿ ವೇಸ್ಟ್ ಜಾಸ್ತಿ ಎಂದು ಒಪ್ಪಿಕೊಳ್ಳುವ ವ್ಯಾಪಾರಿ! ಆ ಸತ್ಯಸಂಧತೆಗೆ ನಾನು ಕರಗುತ್ತಿರುವಾಗಲೇ ಹುಡುಗನೊಬ್ಬ ಹಿಂದಿನಿಂದ ಬಂದು ನನ್ನ ಸೊಂಟಕ್ಕೆ ಟೇಪು ಸುತ್ತಿ, "ನಾಪ್ಪತ್ತಿರೆಂಡು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ.

"ಹೊಟ್ಟೆ ಒಳಗೆ ಎಳಕೊ" ಎಂದರು ಭಾವ. ಅಷ್ಟು ಹೊತ್ತಿಗೆ ಅವರಿಗೆ ಬಾಯಿ ಬಂದದ್ದು.

ಮಾತು ಮರೆಸಲು, ಬಣ್ಣ ಹೋಗುತ್ತದೆಯೇ ಎಂದು ಕೇಳಿದೆ.

"ಹೋಗೋದೆಲ್ಲ ಮೊದಲೇ ನೊಯ್ಯಲ್ ಹೊಳೆಗೆ ಹೋಗಿದೆ" ಎಂದರು ಭಾವ. ಈ ಸಲ ನಗಲಿಲ್ಲ.

ಆ ಹೊಳೆಗೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ವರ್ಷಗಟ್ಟಲೆ ನಿಂತದ್ದು ಬಣ್ಣದ ಕಾರ್ಖಾನೆಗಳ ಕೊಳೆನೀರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನು ಮುಚ್ಚಿಸಿತು; ಒಂದು ಹನಿಯೂ ಹೊರಬೀಳಕೂಡದೆಂಬ ನಿಯಮ ಆಗ ಬಿಗಿಯಾಯಿತು. ಬಣ್ಣ ಹಾಕುವುದೂ ಡೈಯಿಂಗ್, ಸಾಯುವುದೂ ಡೈಯಿಂಗ್. ನಡುವೆ ಒಂದು 'ಇ' ಇದೆ, ಗಮನಿಸಿ ಎನ್ನುತ್ತಾರೆ ಇಂಗ್ಲಿಷ್ ಮೇಷ್ಟ್ರುಗಳು. ಆ ಅಣೆಕಟ್ಟೆಯ ಕೆಳಗೆ ಗದ್ದೆ ಇದ್ದವರಿಗೆ ಆ 'ಇ' ಎಲ್ಲಿತ್ತೋ, ಅವರೇ ಹೋಗಿ ತೋರಿಸಿಕೊಡಲಿ.