ಚಿಕ್ಕಪ್ಪನ ಕುರ್ಚಿ

ಗಲ್ಲಾಕ್ಕೆ ಕೈ ಹಾಕುವ ಭಾವಮೈದುನ, ಮಧ್ಯಾಹ್ನ ಊಟಕ್ಕೆ ಹೋಗಿ ಮರುದಿನ ಬರುವ ಷಡ್ಡಕ – ನನ್ನ ಸ್ನೇಹಿತರ ಅಂಗಡಿಗಳಲ್ಲಿ ಇಂಥವರಿಗೆ ಬರವಿಲ್ಲ. ಅವರ ಗೋಳು ಕೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಕಳ್ಳನನ್ನಾದರೆ ಹಿಡಿಯಬಹುದು. ನಮ್ಮ ಚಿಕ್ಕಪ್ಪನ ಕಾಯಿಲೆಯೇ ಬೇರೆ. ಚಿತ್ರದುರ್ಗದಲ್ಲಿ ಮೂರು ತಲೆಮಾರಿನಿಂದ ಜವಳಿ ಮಾರುವ ಮನೆಯಲ್ಲಿ ಹುಟ್ಟಿಯೂ ಅವರು ಗಿರಾಕಿಗಳಿಗೆ ನಿಜ ಹೇಳುತ್ತಾರೆ.

"ಇದು ಬೇಡ ತಾಯಿ, ಎರಡು ಸಲ ಒಗೆದ್ರೆ ಬಣ್ಣ ಬಿಡ್ತೈತೆ."

ಇಪ್ಪತ್ತು ನಿಮಿಷ ಬಾಯಿ ಒಣಗಿಸಿಕೊಂಡು ನಾನು ಗಾದಿಯ ಮೇಲೆ ಹರವಿದ ಸೀರೆ ಅದು. ಇನ್ನೊಮ್ಮೆ ಮದುವೆ ಜವಳಿಗೆ ಹನ್ನೊಂದು ಜನ ಬಂದಿದ್ದರು. ಮೊಳಕಾಲ್ಮೂರು ರೇಷ್ಮೆಯ ಪಕ್ಕದಲ್ಲಿ ಅದರಂತೆಯೇ ಕಾಣುವ ಸೂರತ್ತಿನ ಸೀರೆಯನ್ನೂ ಇಟ್ಟಿದ್ದೆ. ನಾನು ಸುಳ್ಳು ಹೇಳಲಿಲ್ಲ; ಯಾರೂ ಕೇಳಲಿಲ್ಲ, ಅಷ್ಟೆ. ಚಿಕ್ಕಪ್ಪ ಎರಡರಿಂದಲೂ ಒಂದೊಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಒಂದು ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಗಿ ಉದುರಿತು. ಇನ್ನೊಂದು ಕರಗಿ ಗಟ್ಟಿ ಮಣಿಯಾಯಿತು. ಹನ್ನೊಂದು ತಲೆಗಳೂ ಆ ಮಣಿಯ ಮೇಲೆ ಬಾಗಿದವು.

ಆಡಿಟರ ಹತ್ತಿರ ಓಡಿದೆ. ಅಮ್ಮ, ಚಿಕ್ಕಪ್ಪ, ನಾನು – ಮೂವರ ಪಾಲುದಾರಿಕೆ. ಅಮ್ಮನ ಮತ ನನಗೇ ಎಂದು ನನ್ನ ಲೆಕ್ಕ, ಅಮ್ಮನನ್ನು ಕೇಳಿರಲಿಲ್ಲ. ಆಡಿಟರು 1932ರ ಪಾಲುದಾರಿಕೆ ಕಾಯ್ದೆಯ 33ನೇ ಕಲಮು ತೋರಿಸಿದರು. ಬರೀ ಬಹುಮತದಿಂದ ಪಾಲುದಾರನನ್ನು ಹೊರಹಾಕುವಂತಿಲ್ಲ. ಆ ಅಧಿಕಾರ ಕರಾರಿನಲ್ಲೇ ಇರಬೇಕು, ಅದನ್ನು ಸದ್ಭಾವನೆಯಿಂದ ಬಳಸಬೇಕು. ನಮ್ಮ ಪತ್ರದಲ್ಲಿ ಅಧಿಕಾರ ಇರಲಿಲ್ಲ, ನನ್ನಲ್ಲಿ ಸದ್ಭಾವನೆ ಇರಲಿಲ್ಲ.

ಆಗ ಹೊಳೆದದ್ದು ಬಡ್ತಿ. "ಚಿಕ್ಕಪ್ಪ, ಇನ್ನು ನೀವು ಅಧ್ಯಕ್ಷರು. ಮಹಡಿ ಮೇಲೆ ನಿಮಗೇ ಅಂತ ಕೋಣೆ, ಫ್ಯಾನು, ಪೇಪರು." ಗೌರವ ಎದ್ದು ಕಾಣಲಿ ಎಂದು 7,500 ರೂಪಾಯಿ ಕೊಟ್ಟು ಎತ್ತರದ ಬೆನ್ನಿನ ತಿರುಗುವ ಕುರ್ಚಿ ತಂದೆ.

ಅಜ್ಜ ಕಟ್ಟಿಸಿದ ಮೆಟ್ಟಿಲು ಅಜ್ಜನಷ್ಟೇ ಅಗಲ. ಅಜ್ಜ ಸಣಕಲು.

"ಅದು ಹೋಗಲ್ಲ ಕಣೋ" ಎಂದರು ಚಿಕ್ಕಪ್ಪ, ಮೊದಲೇ. ನೆಟ್ಟಗೆ ಹತ್ತಿಸಿದೆವು, ಹೋಗಲಿಲ್ಲ. ತಲೆಕೆಳಗು ಮಾಡಿದೆವು, ಐದೂ ಗಾಲಿಗಳು ಆಕಾಶ ನೋಡುತ್ತ ಗಿರ್ರೆಂದವು. ಮಗ್ಗುಲಾಗಿಸಿದಾಗ ಮೂರನೇ ಮೆಟ್ಟಿಲಲ್ಲಿ ಬಿರಡೆಯಂತೆ ಕಚ್ಚಿಕೊಂಡಿತು. ಮೇಲಿದ್ದ ಅಂಗಡಿ ಹುಡುಗ ಮೇಲೆಯೇ ಉಳಿದ. ಅವನ ಟಿಫಿನ್ ಡಬ್ಬಿ ಕೆಳಗಿತ್ತು. ಲಂಗದ ಬಟ್ಟೆಗೆ ಬಂದ ಹೆಂಗಸರು ಅಳತೆ ಮರೆತು ಸಲಹೆಗಿಳಿದರು. ಗಾರೆ ಕೆಲಸದವರೊಬ್ಬರು ಗೋಡೆ ಒಡೆಯಲು ಎಷ್ಟಾಗುತ್ತದೆಂದೂ ಹೇಳಿದರು. ಕೊನೆಗೆ ಹಗ್ಗ ಸಿಗದೆ, ಅದೇ ಬಣ್ಣ ಬಿಡುವ ಸೀರೆಯನ್ನು ಕುರ್ಚಿಯ ಸೊಂಟಕ್ಕೆ ಬಿಗಿದು ನಾಲ್ಕು ಜನ ಜಗ್ಗಿದೆವು. ಕುರ್ಚಿ ಬಂತು, ನನ್ನ ಮೇಲೆಯೇ. ಬೆವರಿಗೆ ನೆನೆದ ಸೀರೆಯ ಕೆಂಪೆಲ್ಲ ನನ್ನ ಬಿಳಿ ಶರ್ಟಿಗೆ ಇಳಿದಿತ್ತು.

ಚಿಕ್ಕಪ್ಪ ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಬಣ್ಣ ನಿಲ್ಲಲ್ಲ. ಆದ್ರೆ ಗಟ್ಟಿ ಐತೆ, ಅದು ನಿಜ."

ಕುರ್ಚಿ ಬಾಗಿಲ ಪಕ್ಕದಲ್ಲೇ ಉಳಿಯಿತು. ಮೊದಲು ಅವರು ಗಾದಿಯ ಕಡೆ ಮಾತ್ರ ನೋಡುತ್ತಿದ್ದರು. ಈಗ ಸುತ್ತ ತಿರುಗಿ ಬೀದಿಯಲ್ಲಿ ಹೋಗುವವರಿಗೂ ನಿಜ ಹೇಳುತ್ತಾರೆ.

ಅಪ್ಪ ತೀರಿಕೊಂಡಾಗ ನಾನಿನ್ನೂ ಎಸ್ಸೆಸ್ಸೆಲ್ಸಿ. ಸಗಟು ವ್ಯಾಪಾರಿಗಳಿಗೆಲ್ಲ ಚಿಕ್ಕಪ್ಪ ಕಾರ್ಡು ಬರೆದಿದ್ದರು: ಅಣ್ಣ ಹೋದ, ಈಗ ದುಡ್ಡಿಲ್ಲ, ಎರಡು ವರ್ಷ ಬೇಕು. ಒಬ್ಬರೂ ಸರಕು ನಿಲ್ಲಿಸಲಿಲ್ಲ. ಅಮ್ಮ ಇದನ್ನು ಆಗಾಗ ಹೇಳುತ್ತಾಳೆ. ನಾನು ಸಾರಿಗೆ ಉಪ್ಪು ಕಡಿಮೆ ಎನ್ನುತ್ತೇನೆ.

ಹೋದ ವಾರ ಅವರು ಕಣ್ಣಿನ ಆಪರೇಷನ್‌ಗೆ ಹೋಗಿದ್ದರು. ನಾನು ಕುರ್ಚಿ ಏರಿ ಎರಡು ಸುತ್ತು ತಿರುಗಿದೆ, ಸುಖವಾಗಿತ್ತು. ಅಷ್ಟರಲ್ಲಿ ಹಿರಿಯೂರು ಕಡೆಯ ಅಜ್ಜಿಯೊಬ್ಬರು ಒಳಗೆ ಬಂದರು.

"ಯಜಮಾನ್ರಿಲ್ವಾ? ಹೋಗ್ಲಿ, ಅವ್ರು ಬೇಡ ಅನ್ನದ ಸೀರೆ ಯಾವ್ದೈತೆ, ಅದನ್ನೇ ತೋರ್ಸಪ್ಪ."

ಕುರ್ಚಿಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ ನಾಲ್ಕೂ ಗೋಡೆಯ ಕಪಾಟುಗಳನ್ನು ನೋಡಿದೆ. ಮೂರು ಸಿಕ್ಕವು.